ಬಾಗಿಲಿಂದ ಒಳಗೆ ಬರುವ ಹಡಗು

"ಹಡಗ ಹೊರಗ ಹೋಗಬಾರ್ದ್ರಿ ಆಯಿ, ಒಳಗ ಬರಬೇಕು."

ಸಾವುಕಾರರು ನನಗೆ ಕೆಲಸ ಹೇಳಿದ್ದು ಹೀಗೆ. ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೋಗುವ ರಸ್ತೆ ಬದಿಗೆ ಅವರು ಮದುವೆ ಹಾಲ್ ಕಟ್ಟಿಸಿದ್ದರು. ಬಾಗಿಲಲ್ಲಿ ನಿಂತರೆ ಎಡಕ್ಕೊಂದು ಉದ್ದ ಗೋಡೆ, ಬಲಕ್ಕೊಂದು ಉದ್ದ ಗೋಡೆ, ಎದುರಿಗೆ ಮದುಮಕ್ಕಳು ಕೂಡುವ ಸ್ಟೇಜು. ಸ್ಟೇಜಿನ ಹಿಂದೆ ಎಲ್ಲಕ್ಕಿಂತ ದೊಡ್ಡ ಗೋಡೆ. ಮೂರಕ್ಕೂ ಹಳೇ ಕಾಲದ ಹಾಯಿ ಹಡಗು ಬೇಕು, ಫ್ಲೆಕ್ಸ್ ಬೇಡ, ಕೈಯಿಂದ ಬರೆದದ್ದೇ ಬೇಕು ಎಂದರು. ನಮ್ಮ ಕಡೆ ಅಂಗಡಿಗಳಲ್ಲಿ ಗಲ್ಲಾದ ಹಿಂದೆ ಹಡಗಿನ ಚಿತ್ರ ಹಾಕುವುದು ಹೊಸದಲ್ಲ. ಹಡಗಿನ ಮೂತಿ ಒಳಮುಖವಾಗಿದ್ದರೆ ಲಕ್ಷ್ಮಿ ಬರುತ್ತಾಳೆ, ಬಾಗಿಲ ಕಡೆ ಇದ್ದರೆ ಇದ್ದವಳೂ ಎದ್ದು ಹೋಗುತ್ತಾಳೆ ಅನ್ನುತ್ತಾರೆ. ಸಮುದ್ರ ನೋಡಿದವರು ನಮ್ಮಲ್ಲಿ ಕಡಿಮೆ. ಹಡಗಿನ ಮೂತಿ ಎತ್ತ ಇರಬೇಕೆಂದು ಮಾತ್ರ ಎಲ್ಲರಿಗೂ ಗೊತ್ತು.

ನನ್ನೊಬ್ಬಳನ್ನೇ ಕರೆಸಿದ್ದಾರೆ ಅಂದುಕೊಂಡು ಹೋದರೆ, ನನ್ನ ನೆಗೆಣ್ಣಿ ಮೊದಲೇ ಬಂದು ಕುರ್ಚಿಯ ಮೇಲೆ ಕೂತು ಚಹಾ ಕುಡಿಯುತ್ತಿದ್ದಳು.

"ಬಾ ಅಕ್ಕಾ, ಬಸ್ ಸಿಗಲಿಲ್ಲೇನ?" ಅಂದಳು. ತನ್ನ ಮನೆಗೆ ನಾನು ಬಂದ ಹಾಗೆ.

ನೆಗೆಣ್ಣಿ ಅಂದರೆ ಮೈದುನನ ಹೆಂಡತಿ. ಅವಳು ಬಸವಕಲ್ಯಾಣದಲ್ಲಿ, ನಾನು ಹುಮನಾಬಾದಿನಲ್ಲಿ. ಹಿಂದಿನದನ್ನೆಲ್ಲ ಹೇಳುತ್ತ ಕೂಡುವುದಿಲ್ಲ. ಇಷ್ಟು ತಿಳಿದರೆ ಸಾಕು: ಹೆದ್ದಾರಿಯ ಬದಿಗೆ ನಮ್ಮ ಗಂಡಂದಿರ ಲಾರಿ ಪೇಂಟಿನ ಶೆಡ್ ಇತ್ತು. ಕೆಲಸ ಹೆಚ್ಚಾದಾಗ ನಾವಿಬ್ಬರೂ ಬ್ರಷ್ ಹಿಡಿದೆವು, ಆಮೇಲೆ ಬಿಡಲಿಲ್ಲ. ಗೆರೆ, ಅಂಚು, ಅಕ್ಷರ ನನ್ನವು. ಹೂವು, ಹದ್ದು, ಆಕಳು ಕರು ಅವಳವು. ಲಾರಿ ಬಿಡಿಸಿಕೊಂಡು ಹೋಗುವ ಡ್ರೈವರು ಆಕಳ ಕಣ್ಣು ನೋಡಿ ವಾಹ್ ಅನ್ನುತ್ತಿದ್ದ. ಗೆರೆ ನೋಡಿ ವಾಹ್ ಅಂದವನನ್ನು ನಾನು ಈವರೆಗೆ ಕಂಡಿಲ್ಲ. ಈಗ ಲಾರಿಗಳಿಗೆ ಸ್ಟಿಕ್ಕರ್ ಬಂದು ನಮ್ಮ ಕೆಲಸ ಕಡಿಮೆಯಾಗಿದೆ. ಇಬ್ಬರಿಗೂ ಮೊಮ್ಮಕ್ಕಳಾಗಿದ್ದಾರೆ. ಆದರೆ 'ಚಿತ್ರ ಅಂದರೆ ಬಸವಕಲ್ಯಾಣದಾಕಿ' ಎಂಬ ಮಾತು ಇನ್ನೂ ನನ್ನ ಕಿವಿಗೆ ಬೀಳುತ್ತದೆ, ಬಿದ್ದಾಗಲೆಲ್ಲ ಹೊಟ್ಟೆಯೊಳಗೆ ಕೆಂಡ ಇಟ್ಟಂತಾಗುತ್ತದೆ.

ಸಾವುಕಾರರು ಲೆಕ್ಕದ ಮನುಷ್ಯ. "ಇಬ್ರೂ ಒಂದೊಂದು ಗ್ವಾಡಿ ತಗೋರಿ. ಯಾರದು ಚಲೋ ಬರ್ತದ ಅವರಿಗೆ ಸ್ಟೇಜಿನ ಗ್ವಾಡಿ" ಅಂದರು.

ಮದುವೆಯ ಫೋಟೋ ಎಲ್ಲ ಸ್ಟೇಜಿನ ಗೋಡೆಯ ಮುಂದೆ. ಹುಮನಾಬಾದ್, ಚಿಟಗುಪ್ಪ, ಮಂಠಾಳ, ಎಲ್ಲಿಂದ ಬೀಗರು ಬಂದರೂ ಅವರ ಮನೆಯ ಗೋಡೆಗೆ ಆ ಚಿತ್ರ ಹೋಗಿ ನಿಲ್ಲುತ್ತದೆ. ಆ ಗೋಡೆ ನನಗೆ ಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಅದು ಅವಳಿಗೆ ಸಿಗುವುದು ಬೇಡವಾಗಿತ್ತು.

ಸಾವುಕಾರರು ಎರಡು ಚಿತ್ರ ತೆಗೆಸಿ ತಂದಿದ್ದರು. ಒಂದು ಮೂರು ಕಂಬದ ಪರದೇಶದ ಹಡಗು. ಹೊಟ್ಟೆಗೆ ಸಾಲಾಗಿ ತೋಪು, ಕಂಬಕ್ಕೆ ಮೇಲಿಂದ ಕೆಳಗೆ ಹಾಯಿಯ ಮೇಲೆ ಹಾಯಿ. ಇನ್ನೊಂದು ಅರಬರ ಹಳೇ ಹಡಗು. ಒಂದೇ ಕಂಬ, ಮೂರು ಮೂಲೆಯ ಒಂದೇ ಹಾಯಿ. ಹಿಂದೆ ಕಲ್ಯಾಣದ ರಾಜರಿಗೆ ಕುದುರೆಗಳು ಇಂಥ ಹಡಗಿನಲ್ಲಿ ಸಮುದ್ರ ದಾಟಿ ಬರುತ್ತಿದ್ದವೆಂದು ಯಾರೋ ಅವರಿಗೆ ಹೇಳಿದ್ದರು. ನಾನು ಹಿರಿ ಸೊಸೆ, ಮೊದಲು ಕೈ ಹಾಕಿದೆ. ಮೂರು ಕಂಬದ್ದು ತೆಗೆದುಕೊಂಡೆ. ಅಷ್ಟು ಹಾಯಿ, ಅಷ್ಟು ಹಗ್ಗ ಇರುವಾಗ ಒಂದು ಹಾಯಿಯ ಬಡ ಹಡಗನ್ನು ಯಾರು ನೋಡುತ್ತಾರೆ?

ಅವಳು ಉಳಿದದ್ದನ್ನು ನಗುತ್ತ ತೆಗೆದುಕೊಂಡಳು. ಅದೂ ನನಗೆ ಸೇರಲಿಲ್ಲ.

ಹೊಸ ಗೋಡೆಯಾದರೂ ಕೆಲಸದವರು ಬಡಿದುಹೋದ ಸುಣ್ಣ ಇತ್ತು. ಸುಣ್ಣದ ಮೇಲೆ ಆಯಿಲ್ ಪೇಂಟ್ ನಿಲ್ಲುವುದಿಲ್ಲ, ಹಪ್ಪಳದ ಹಾಗೆ ಏಳುತ್ತದೆ. ಪೂರ್ತಿ ಕೆರೆದು, ಪುಟ್ಟಿ ಎಳೆದು, ಉಜ್ಜಿ, ಪ್ರೈಮರ್ ಕೊಟ್ಟು ಒಣಗಲು ಬಿಟ್ಟೆವು. ಆಮೇಲೆ ದಾರಕ್ಕೆ ಕೆಮ್ಮಣ್ಣು ಹಚ್ಚಿ, ಎರಡೂ ತುದಿ ಬಿಗಿಹಿಡಿದು, ನಡುವೆ ಎಳೆದು ಬಿಟ್ಟರೆ ಗೋಡೆಗೆ ನೆಟ್ಟಗೆ ಕೆಂಪು ಗೆರೆ ಬೀಳುತ್ತದೆ. ಹಾಗೆ ಗೋಡೆಯ ತುಂಬ ಚೌಕ ಹೊಡೆದೆ. ಕಾಗದದ ಚಿತ್ರಕ್ಕೂ ಅಷ್ಟೇ ಚೌಕ. ಈ ಚೌಕದಲ್ಲಿ ಇದ್ದದ್ದು ಆ ಚೌಕಕ್ಕೆ. ಇದರಲ್ಲಿ ಹೆಚ್ಚಿನ ಬುದ್ಧಿ ಬೇಕಿಲ್ಲ, ತಾಳ್ಮೆ ಬೇಕು.

ಅವಳು ಚೌಕ ಹೊಡೆಯಲಿಲ್ಲ. ಇದ್ದಲು ಹಿಡಿದು ದೂರ ನಿಂತು ನೋಡಿದಳು, ಹೋಗಿ ಬಗ್ಗಿದ ಒಂದು ಗೆರೆ ಎಳೆದಳು. ಆ ಒಂದು ಗೆರೆಯಲ್ಲಿ ಹಡಗಿನ ಹೊಟ್ಟೆ ಬಂದುಬಿಟ್ಟಿತು. ನಾನು ಬೆನ್ನು ತಿರುಗಿಸಿಕೊಂಡು ನನ್ನ ಚೌಕ ಎಣಿಸಿದೆ.

ಮೊದಲ ಜಗಳ ನೀರಿನ ಗೆರೆಯದು. ಸಮುದ್ರವೂ ಆಕಾಶವೂ ಕೂಡುವ ಗೆರೆಯನ್ನು ನಾನು ನೀರಿನ ಪೈಪು ಹಿಡಿದು ಮಟ್ಟ ನೋಡಿ ಹಾಕಿದ್ದೆ. ಅವಳು ಕಣ್ಣಳತೆಯಲ್ಲಿ ಹಾಕಿದ್ದಳು. ಸಾವುಕಾರರು ನಡುವೆ ನಿಂತು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು.

"ಒಂದ ಹಾಲಿನ್ಯಾಗ ಸಮುದ್ರಕ್ಕ ಎರಡ ಮಟ್ಟ ಏನ್ರಿ? ಒಂದ ಕಡಿ ಮಹಾಪೂರ ಬಂದಂಗ ಅದ!"

"ನಂದು ಪೈಪ್ ಹಿಡದು ನೋಡಿದ್ದು" ಅಂದೆ. "ಅದು ಬರಾಬರ್ ಅದ."

ನೆಗೆಣ್ಣಿ ಜಗಳಕ್ಕೆ ನಿಲ್ಲುತ್ತಾಳೆ ಅಂದುಕೊಂಡೆ. ಅವಳು ನನ್ನ ಪೈಪು ಇಸಿದುಕೊಂಡು ತನ್ನ ಗೆರೆ ಅಳಿಸಿ ನನ್ನ ಮಟ್ಟಕ್ಕೆ ಹಾಕಿಕೊಂಡಳು. ಗೆದ್ದೆ. ಗೆದ್ದ ರುಚಿಯೇ ಸಿಗಲಿಲ್ಲ.

ಆಮೇಲೆ ಬಣ್ಣ. ನಾನು ಅಲೆಗಳನ್ನು ಒಂದರ ಕೆಳಗೊಂದು, ಒಂದೇ ಅಳತೆಗೆ, ನೀಲಿ ಬಿಳಿ ನೀಲಿ ಬಿಳಿ ಎಂದು ಹಾಕಿದೆ. ಸಾಫ್ ಕೆಲಸ. ನೆಗೆಣ್ಣಿ ಊಟದ ಡಬ್ಬಿ ಬಿಚ್ಚಿಕೊಂಡು ನನ್ನ ಗೋಡೆಯ ಮುಂದೆಯೇ ಕೂತಳು. ರೊಟ್ಟಿ ಮುರಿಯುತ್ತ ಬಹಳ ಹೊತ್ತು ನೋಡಿದಳು.

"ಅಕ್ಕಾ, ನಿನ್ನ ಸಮುದ್ರದ ಮ್ಯಾಲ ಮಳಿ ಬಂದ್ರ ಧಡಧಡ ಸಪ್ಪಳ ಆಗ್ತದ ನೋಡು."

"ಯಾಕ?"

"ತಗಡಿಂದು ಅಲ್ಲೇನ!"

ಪುಟ್ಟಿ ಕೆಲಸದವರು ಬಿದ್ದು ಬಿದ್ದು ನಕ್ಕರು. ನಾನು ಎದ್ದು ನೋಡಿದೆ. ಹೌದು, ಲಾರಿ ಶೆಡ್ಡಿನ ಮಾಡಿನ ತಗಡೇ ಅದು, ನೀಲಿ ಬಳಿದದ್ದು. ಅವಳ ನೀರು ಹಾಗಿರಲಿಲ್ಲ. ಒಂದು ಕಡೆ ಕಪ್ಪು, ಒಂದು ಕಡೆ ಹಸಿರು, ಹಡಗಿನ ಹೊಟ್ಟೆಯ ಕೆಳಗೆ ಅದರದೇ ನೆರಳು ಒಡೆದು ಒಡೆದು ಬಿದ್ದಿತ್ತು. ಅವಳ ಮನೆ ಊರ ಕೆರೆಯ ಹತ್ತಿರ. ದಿನ ಬೆಳಗಾದರೆ ನೀರು ನೋಡುತ್ತಾಳೆ. ನಾನು ದಿನ ಬೆಳಗಾದರೆ ನೋಡುವುದು ಡಾಂಬರು. ಅವಳ ಕೆರೆಯ ಮೇಲೂ ನನಗೆ ಸಿಟ್ಟು ಬಂತು.

ತಗಡನ್ನು ಕೆರೆದು ತೆಗೆದೆ. ಒಣಗಿದ ಆಯಿಲ್ ಪೇಂಟ್ ಕೆರೆಯುವುದು ಅಂದರೆ ಕೋಳಿಯ ಪುಕ್ಕ ತರಿದಂತಲ್ಲ, ಭುಜ ಬಿದ್ದುಹೋಗುತ್ತದೆ. ಮರುದಿನ ಅರ್ಧ ಒಣಗಿದ ನೀಲಿಯ ಮೇಲೆ ಒಣ ಬ್ರಷ್ ಎಳೆದು ನೋಡಿದೆ. ಅಲೆ ಅಳತೆ ತಪ್ಪಿತು, ತಪ್ಪಿದಷ್ಟೂ ನೀರಾಯಿತು. ಇದನ್ನು ಯಾರೂ ನನಗೆ ಹೇಳಿಕೊಟ್ಟದ್ದಲ್ಲ.

ಹಾಯಿಯದು ಬೇರೆ ಕಥೆ. ಬಿಳಿಗೆ ಕಪ್ಪು ಕೂಡಿಸಿ ನೆರಳು ಮಾಡಿದರೆ ಹಾಯಿ ಹೆಣದ ಬಟ್ಟೆಯಂತೆ ಕಾಣುತ್ತಿತ್ತು. ಅವಳ ಹಾಯಿ ಬಿಸಿಲು ಬಿದ್ದ ಧೋತರದಂತೆ ಇತ್ತು. ಅವಳು ಕೈ ತೊಳೆಯಲು ಹೊರಗೆ ಹೋದಾಗ ನಾನು ಅವಳ ಡಬ್ಬಿಗಳ ಮುಚ್ಚಳ ಎತ್ತಿ, ಬೆರಳು ಅದ್ದಿ, ಬೆಳಕಿಗೆ ಹಿಡಿದು ನೋಡಿದೆ. ನೆರಳಿಗೆ ಅವಳು ಕಪ್ಪು ಮುಟ್ಟಿಯೇ ಇರಲಿಲ್ಲ. ನೀಲಿ, ಅದಕ್ಕೆ ಕಾವಿ. ನಾನೂ ಹಾಗೇ ಕಲಸಿದೆ.

ಸಂಜೆ ಅವಳು ಕೇಳಿದಳು, "ನನ್ನ ಡಬ್ಬಿ ಮುಚ್ಚಳ ಯಾರ ತಗದಾರ?"

"ಗಾಳಿಗೆ ಹಾರಿರಬೇಕು."

ನನ್ನ ಹಾಯಿಯ ಕಡೆ ತಲೆ ಎತ್ತಿ ನೋಡಿದಳು. "ಗಾಳಿಗೆ ಹೇಳಕ್ಕಾ, ಹಳದಿನೂ ಒಂದ್ ಚೂರ ಹಾಕಬೇಕಂತ."

ಹಳದಿ ಹಾಕಿದೆ. ಹಾಯಿ ಉಸಿರು ತುಂಬಿಕೊಂಡಿತು. ಹೀಗೆ ಪುಕ್ಕಟೆ ಕೊಟ್ಟುಬಿಡುವವರ ಮೇಲೆ ಹೊಟ್ಟೆಕಿಚ್ಚು ಪಡುವುದು ಎಷ್ಟು ಕಷ್ಟ ಎಂದು ಪಟ್ಟವರಿಗೇ ಗೊತ್ತು. ಆದರೂ ನಾನು ಬಿಡಲಿಲ್ಲ.

ಅವಳ ಹಡಗಿನ ಮೈಮೇಲೆ ಹಲಗೆಗಳ ನಡುವೆ ಸಣ್ಣ ಸಣ್ಣ ಹೊಲಿಗೆ ಬಂದವು, ಕೌದಿಗೆ ಹಾಕಿದ ಹಾಗೆ. ನಾನು ನಕ್ಕೆ. "ಹಡಗಿಗೂ ಕೌದಿ ಹೊಲಿಗಿ ಹಾಕೀ ಏನ? ಮಳೆ ಇಲ್ಲೇನ ಅರಬರ ಬಲ್ಲಿ?" ಮಳೆ ಅಂದರೆ ಮೊಳೆ. ಅವಳು ಸಾವುಕಾರರ ಚಿತ್ರವನ್ನೇ ತಂದು ತೋರಿಸಿದಳು. ಆ ಕಾಲದ ಹಡಗಿಗೆ ಮೊಳೆ ಹೊಡೆಯುತ್ತಿರಲಿಲ್ಲ, ಹಲಗೆಗೆ ತೂತು ಹಾಕಿ ತೆಂಗಿನ ನಾರಿನ ಹಗ್ಗದಿಂದ ಹೊಲಿಯುತ್ತಿದ್ದರಂತೆ. ಚಿತ್ರದಲ್ಲಿ ಹೊಲಿಗೆ ಇತ್ತು. ನಾನು ಆರಿಸುವಾಗ ಹಾಯಿ ಎಷ್ಟಿವೆ ಎಂದಷ್ಟೇ ನೋಡಿದ್ದೆ.

ಇನ್ನು ಧ್ವಜದ ಮಾತು.

ನನ್ನ ಹಡಗಿನ ಮೂರೂ ಕಂಬದ ತುದಿಗೆ ಉದ್ದನೆಯ ಕೆಂಪು ಧ್ವಜ ಹಾಕಿದೆ. ಹಡಗು ಬಾಗಿಲಿಂದ ಸ್ಟೇಜಿನ ಕಡೆ ಹೋಗುತ್ತದೆ, ಧ್ವಜ ಹಿಂದಕ್ಕೆ ಬಾಗಿಲ ಕಡೆ ಹಾರುತ್ತವೆ. ಜೀವಮಾನವಿಡೀ ಲಾರಿ ಮೇಲೆ ಹಾಗೇ ಹಾಕಿದ್ದೇನೆ. ಅವಳ ಧ್ವಜ ನೋಡಿದರೆ ಮುಂದಕ್ಕೆ, ಸ್ಟೇಜಿನ ಕಡೆ ಹಾರುತ್ತಿತ್ತು. ನನಗೆ ಆದ ಸಂತೋಷ ಹೇಳಲಾರೆ. ಇಷ್ಟು ದಿನದಲ್ಲಿ ಅವಳ ಮೊದಲ ತಪ್ಪು. ಸಾವುಕಾರರು ಬರುವತನಕ ಬಾಯಿ ಬಿಗಿಹಿಡಿದುಕೊಂಡು ಕೂತೆ.

ಸಾವುಕಾರರು ಬಂದವರು ಮೊದಲು ನನ್ನ ಧ್ವಜದ ಕಡೆ ಬೆರಳು ಮಾಡಿದರು. "ಆಯಿ, ನಿಮ್ಮ ಧ್ವಜ ಬಾಗಿಲ ಕಡಿ ತೋರ್ಸಾಕತ್ತಾವಲ್ರಿ. ಲಕ್ಷ್ಮಿಗೆ ಹಾದಿ ತೋರಸಿದಂಗ ಆಗ್ತದ. ಇವರದು ನೋಡ್ರಿ, ಒಳಗ ಅದ."

"ಸಾವಕಾರ್ರ, ನಿಮ್ಮ ಲಾರಿ ಮ್ಯಾಲ ಧ್ವಜ ಕಟ್ತೀರಲ್ಲ, ಗಾಡಿ ಮುಂದ ಓಡಿದ್ರ ಧ್ವಜ ಎತ್ತ ಹಾರ್ತದ?"

"ಹಿಂದ."

"ಮತ್ತ? ಇಕಿ ಹಡಗು ಮುಂದ ಹೊಂಟದೋ, ರಿವರ್ಸ್ ಹೊಂಟದೋ ಇಕೀನ ಕೇಳ್ರಿ."

ಹಾಲ್ ತುಂಬ ನಗು. ಸಾವುಕಾರರೂ ನಕ್ಕರು. "ಖರೇ ಅದ. ರಿವರ್ಸ್ ಗಾಡಿ ಬ್ಯಾಡ್ರಿ ಅಮ್ಮಾ, ನಾಳಿಗೆ ತಿರುಗಿಸಿ ಹಾಕ್ರಿ" ಅಂದರು. ನೆಗೆಣ್ಣಿಯ ಮುಖ ಕೆಂಪಾಯಿತು. ಸ್ಟೇಜಿನ ಗೋಡೆ ನನ್ನ ಕೈಗೆ ಬಂತು ಅಂದುಕೊಂಡೆ. ಬಸ್ಸಿನಲ್ಲಿ ಹುಮನಾಬಾದಿನತನಕ ಒಬ್ಬಳೇ ನಗುತ್ತ ಹೋದೆ.

ಮರುದಿನ ನಾನು ಮೊದಲು ಬಂದೆ. ಬಣ್ಣ ಒಣಗಿಸಲು ಸಾವುಕಾರರು ಮದುವೆಗೆ ಇಡುವ ನಿಲ್ಲುವ ದೊಡ್ಡ ಫ್ಯಾನ್ ಕೊಟ್ಟಿದ್ದರು. ಅದನ್ನು ಚಾಲೂ ಮಾಡಿದೆ. ನನ್ನ ಮತ್ತು ಫ್ಯಾನಿನ ನಡುವೆ ಬಿದಿರ ಅಟ್ಟಣಿಗೆ, ಅದಕ್ಕೆ ಒರೆಸುವ ಹಳೇ ಧೋತರ ಹಾಸಿ ಕಟ್ಟಿದ್ದೆವು. ಗಾಳಿ ಬಂದದ್ದೇ ಧೋತರ ನನ್ನ ಕಡೆ ಹೊಟ್ಟೆ ಉಬ್ಬಿಸಿತು, ಥೇಟ್ ನನ್ನ ಹಾಯಿಯಂತೆ. ನೋಡಿ ಖುಷಿಯಾಯಿತು. ಆಮೇಲೆ ಧೋತರದ ಮೇಲಿನ ಮೂಲೆ ಕಣ್ಣಿಗೆ ಬಿತ್ತು. ಅಲ್ಲಿ ಹರಿದ ಒಂದು ಚಿಂದಿ ಜೋತಾಡುತ್ತಿತ್ತು. ಅದೂ ನನ್ನ ಕಡೆಗೇ ಹಾರುತ್ತಿತ್ತು. ಫ್ಯಾನಿನ ಕಡೆ ಅಲ್ಲ.

ನಾನು ಹೋಗಿ ಚಿಂದಿಯನ್ನು ಹಿಡಿದು ಫ್ಯಾನಿನ ಕಡೆ ಎಳೆದು ಬಿಟ್ಟೆ. ತಿರುಗಿ ನನ್ನ ಕಡೆಗೇ ಬಂತು. ಮತ್ತೆ ಎಳೆದೆ. ಮತ್ತೆ ಬಂತು.

ಅಲ್ಲೇ ಕೂತೆ. ಲಾರಿಗೆ ಇಂಜಿನ್ ಇದೆ. ಅದು ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ, ಧ್ವಜ ಹಿಂದೆ ಬೀಳುತ್ತದೆ. ಹಡಗಿಗೆ ಇಂಜಿನ್ ಎಲ್ಲಿದೆ? ಹಿಂದಿನಿಂದ ನೂಕುವ ಗಾಳಿಯೇ ಅದರ ಇಂಜಿನ್. ಹಾಯಿಯನ್ನು ಮುಂದೆ ಉಬ್ಬಿಸುವ ಗಾಳಿ ಧ್ವಜವನ್ನು ಮಾತ್ರ ಹಿಂದಕ್ಕೆ ಹಾರಿಸುತ್ತದೆಯೇ? ನನ್ನ ಗೋಡೆಯ ಮೇಲೆ ಎರಡು ಗಾಳಿ ಬೀಸುತ್ತಿದ್ದವು, ಒಂದು ಹಾಯಿಗೆ, ಒಂದು ಧ್ವಜಕ್ಕೆ. ಅವಳ ಗೋಡೆಯ ಮೇಲೆ ಒಂದೇ ಗಾಳಿ.

ಇದು ನನಗೊಬ್ಬಳಿಗೇ ಗೊತ್ತಾಗಿತ್ತು. ಸಾವುಕಾರರಿಗೆ ಲಾರಿ ಗೊತ್ತು, ಹಡಗು ಗೊತ್ತಿಲ್ಲ. ಬರುವ ಬೀಗರಿಗೆ ಊಟ ಗೊತ್ತು. ನಾನು ಬಾಯಿ ಮುಚ್ಚಿಕೊಂಡರೆ ಅವಳು ಧ್ವಜ ತಿರುಗಿಸುತ್ತಾಳೆ, ಇಬ್ಬರದೂ ತಪ್ಪಾಗುತ್ತದೆ, ಎತ್ತಿ ತೋರಿಸಿದವಳು ನಾನೆಂದು ದೊಡ್ಡ ಗೋಡೆ ನನಗಾಗುತ್ತದೆ.

ಅಷ್ಟರಲ್ಲಿ ಅವಳು ಬಂದಳು. ಒರೆಸುವ ಬಟ್ಟೆಗೆ ಸೀಮೆಎಣ್ಣೆ ಹಾಕಿಕೊಂಡು ಸ್ಟೂಲ್ ಹತ್ತಿದಳು. ಧ್ವಜದ ಬಣ್ಣ ಇನ್ನೂ ಹಸಿ, ಒಂದು ಸಲ ಒರೆಸಿದರೆ ಹೋಗಿಬಿಡುತ್ತದೆ. ಬಟ್ಟೆ ಗೋಡೆಯ ಹತ್ತಿರ ಹೋಯಿತು.

"ನಿಂದ್ರು" ಅಂದೆ.

ಕನಿಕರದಿಂದ ಅಂದೆನೆಂದು ಯಾರೂ ತಿಳಿಯಬೇಡಿ. ಅವಳ ಸರಿಯಾದ ಹಡಗನ್ನು ನಾನೇ ಕೆಡಿಸಿ, ಆ ಕೆಟ್ಟ ಹಡಗಿನ ಮೇಲೆ ಗೆದ್ದರೆ ನನಗೆ ಏನು ಬಂತು? ದಿನಾ ಆ ಹಾಲ್ ಮುಂದೆ ಬಸ್ಸಿನಲ್ಲಿ ಹೋಗುವಾಗ ಒಳಗಿನ ಎರಡು ತಪ್ಪು ನನಗೇ ನೆನಪಾಗಬೇಕು. ನನಗೆ ಅವಳ ಒಳ್ಳೆಯ ಹಡಗನ್ನೇ ಸೋಲಿಸಬೇಕಿತ್ತು.

"ಮತ್ತ ಏನ ನಗಿಸೂದು ಉಳದದಕ್ಕಾ?" ಅವಳ ದನಿ ಬಿಗಿಯಾಗಿತ್ತು. "ನಿನ್ನೆ ಸಾಕಾಗಲಿಲ್ಲೇನ?"

"ಬಾಯಿ ಮುಚ್ಚು, ಇಳದ್ ಬಾ."

ಫ್ಯಾನಿನ ಮುಂದೆ ನಿಲ್ಲಿಸಿ ಧೋತರ ತೋರಿಸಿದೆ, ಚಿಂದಿ ತೋರಿಸಿದೆ, ಕೈಯಲ್ಲಿ ಎಳೆದು ಬಿಟ್ಟೆ. "ನಿಂದು ಸರಿ ಅದ. ನಂದು ತಪ್ಪ್ಯಾದ" ಅಂದೆ. ಹೇಳಿ ಮುಗಿಸಿದೆ. ಎರಡನೆಯ ಸಲ ಹೇಳುವುದಿಲ್ಲ.

ಅವಳು ಚಿಂದಿ ನೋಡಿದಳು, ತನ್ನ ಗೋಡೆ ನೋಡಿದಳು, ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು.

"ಯಾಕ ನಗ್ತಿ?"

"ಅಕ್ಕಾ, ನನಗೂ ಇದು ಗೊತ್ತಿದ್ದಿಲ್ಲ! ಹಿಂದಕ್ಕೇ ಹಾಕಾಕಿ ಇದ್ದೆ ಅನ್ನು. ಅಲ್ಲಿ ಆ ಗ್ವಾಡಿ ಫ್ಯಾನಿನ ತೂತು ಅದ ನೋಡು, ಜಾಗ ಸಾಲಲಿಲ್ಲ. ಅದಕ್ಕ ಈ ಕಡಿ ಹಾಕ್ದೆ."

ಅದು ನನಗೆ ತಗಡಿನ ಮಾತಿಗಿಂತ ಹೆಚ್ಚು ಚುಚ್ಚಿತು. ನಾನು ಕೂತು ಯೋಚಿಸಿ, ನಿಂತು ಯೋಚಿಸಿ ಕಂಡುಕೊಂಡದ್ದು ಅವಳಿಗೆ ಜಾಗ ಸಾಲದೆ ಸಿಕ್ಕಿತ್ತು. ತಪ್ಪಿ ಬಿದ್ದರೂ ಅವಳ ಕೈ ಸರಿಯಾದ ಕಡೆಗೇ ಬೀಳುತ್ತದೆ.

ನನ್ನ ಮೂರು ಧ್ವಜ ಗಟ್ಟಿಯಾಗಿ ಒಣಗಿದ್ದವು. ಕೆರೆದೆ. ಕೆಂಪು ಪೂರ್ತಿ ಹೋಗಲಿಲ್ಲ. ಅದರ ಮೇಲೆ ಆಕಾಶದ ನೀಲಿ ಹಚ್ಚಿದರೂ ಒಳಗಿಂದ ನಸುಗೆಂಪು ಇಣುಕುತ್ತಿತ್ತು. ಕಡೆಗೆ ಅಲ್ಲಿ ಸಂಜೆಯ ಮೋಡ ಬರೆದು ಮುಚ್ಚಿ, ಧ್ವಜಗಳನ್ನು ಸ್ಟೇಜಿನ ಕಡೆಗೆ ಬರೆದೆ. ಮೋಡ ಬರೆದ ಮೇಲೆ ಬೆಳಕು ಬದಲಾಯಿತು, ಹಾಯಿಗಳ ನೆರಳೆಲ್ಲ ತಿದ್ದಬೇಕಾಯಿತು. ಅವಳು ತನ್ನದು ಮುಗಿಸಿ, ಕುದುರೆಗಳ ತಲೆ ಹಲಗೆಯ ಮೇಲೆ ಸಾಲಾಗಿ ಇಣುಕುವಂತೆ ಬರೆದು, ಬ್ರಷ್ ತೊಳೆದಿಟ್ಟು ಕೂತಿದ್ದಳು. ನಾನು ಇನ್ನೂ ಅಟ್ಟಣಿಗೆಯ ಮೇಲೆ.

ಸಾವುಕಾರರಿಗೂ ನಾನೇ ಹೇಳಬೇಕಾಯಿತು.

"ನಿನ್ನೆ ಲಾರಿ ಅಂದ್ರಿ, ಇವತ್ತ ಫ್ಯಾನ್ ಅಂತೀರಿ. ನಾಳಿಗಿ ಏನ ತರ್ತೀರಿ ಆಯಿ, ಟ್ರ್ಯಾಕ್ಟರ್?" ಅಂದರು. ಆದರೂ ಹೆಗಲ ಮೇಲಿನ ಟವೆಲ್ ತೆಗೆದು ಫ್ಯಾನಿನ ಮುಂದೆ ಹಿಡಿದು ನೋಡಿದರು. ಟವೆಲ್ ಹಾರಿದ ಕಡೆ ನೋಡಿ ಅವರಿಗೆ ಆನಂದವಾಯಿತು. "ಅಂದ್ರ ಧ್ವಜನೂ ಒಳಗ ತೋರಸ್ಬೇಕು! ಲಕ್ಷ್ಮಿ ಮಾತೂ ಬರಾಬರ್ ಆಯ್ತು, ಗಾಳಿ ಮಾತೂ ಬರಾಬರ್ ಆಯ್ತು."

ನನ್ನದು ಮುಗಿದ ದಿನ ಅವರು ಬಾಗಿಲಲ್ಲಿ ನಿಂತು ಎರಡೂ ಗೋಡೆ ನೋಡಿದರು. ಇಬ್ಬರದೂ ಚೆನ್ನಾಗಿದೆ ಅಂದರು. ನನ್ನ ಸಂಜೆ ಮೋಡದ ಮುಂದೆ ಹೆಚ್ಚು ಹೊತ್ತು ನಿಂತರು, ನಾನು ಅದನ್ನು ಲೆಕ್ಕಕ್ಕೆ ಇಟ್ಟುಕೊಂಡೆ. ಆಮೇಲೆ ಕೇಳಿದರು, "ಸ್ಟೇಜಿನ ಗ್ವಾಡಿಗೆ ಏನ ಮಾಡ್ತೀರಿ? ಆಯಿ, ನೀವ ಮೊದಲ ಹೇಳ್ರಿ."

"ಇದಕ್ಕಿಂತ ದೊಡ್ಡದು" ಅಂದೆ. "ಗ್ವಾಡಿ ತುಂಬ. ಇನ್ನೂ ಹಾಯಿ ಹೆಚ್ಚು, ತೋಪು ಹೆಚ್ಚು."

"ಮೂತಿ ಎತ್ತ?"

ಅದನ್ನು ನಾನು ಯೋಚಿಸಿರಲಿಲ್ಲ. ಎದುರು ಗೋಡೆಗೆ ಒಳಗೆ ಯಾವುದು, ಹೊರಗೆ ಯಾವುದು? ಎಡಕ್ಕೆ ಅಂದೆ. ಬಲಕ್ಕೆ ಅಂದೆ. ಸಾವುಕಾರರು ನೆಗೆಣ್ಣಿಯ ಕಡೆ ನೋಡಿದರು.

"ಬಾಗಿಲಿಂದ ಒಳಗ ಬಂದದ" ಅಂದಳು ಅವಳು, ಕುರ್ಚಿಯಿಂದ ಏಳದೆ. "ಇನ್ನೆಲ್ಲಿ ಹೋಗ್ತದ್ರಿ? ಬಂದು ಮುಟ್ಯಾದ. ಹಾಯಿ ಇಳಸ್ಯಾರ, ಹಲಗಿ ಹಾಕ್ಯಾರ, ಕುದುರಿ ಇಳಸಾಕತ್ತಾರ. ಧ್ವಜ ಸುಮ್ನ ಜೋತು ಬಿದ್ದದ, ಗಾಳಿ ಇಲ್ಲ."

ಸಾವುಕಾರರು ಸ್ಟೇಜಿನ ಕಡೆ ತಿರುಗಿ ನಿಂತರು. ಕುದುರೆಗಳು ಇಳಿಯುವ ಜಾಗದಲ್ಲಿ ಮದುಮಕ್ಕಳು ಕೂಡುತ್ತಾರೆ, ಅದು ನನಗೂ ಕಂಡಿತು. ನನ್ನ ತಲೆಯಲ್ಲಿ ದೊಡ್ಡದರ ಮೇಲೆ ಇನ್ನೂ ದೊಡ್ಡದು ಮಾತ್ರ ಇತ್ತು. ಕೈಯಲ್ಲಿ ಸೋತಿದ್ದರೆ ಕಣ್ಣು ಮಂದವಾಯಿತು, ವಯಸ್ಸಾಯಿತು ಅನ್ನಬಹುದಿತ್ತು. ಸೋತದ್ದು ತಲೆಯಲ್ಲಿ, ಅವಳಿಗೂ ನನ್ನದೇ ವಯಸ್ಸು.

ಗೋಡೆ ಅವಳಿಗಾಯಿತು.

ನನ್ನ ಕೆಲಸ ಮುಗಿದಿತ್ತು. ಆದರೂ ಮರುದಿನ ಬಸ್ ಹತ್ತಿ ಹೋದೆ, ಅದರ ಮರುದಿನವೂ ಹೋದೆ. ಹಾಲ್ ನಡುವೆ ಒಂದು ಕುರ್ಚಿ ಹಾಕಿಕೊಂಡು ಕೂತೆ. ಯಾಕೆ ಬಂದಿರಿ ಎಂದು ಪುಟ್ಟಿಯವನು ಕೇಳಿದ. "ಕೆಡ್ತದೇನ ನೋಡಾಕ ಬಂದೀನಿ" ಅಂದೆ. ಅವನು ತಮಾಷೆ ಅಂದುಕೊಂಡ.

ಕೆಡುವ ಲಕ್ಷಣ ಇರಲಿಲ್ಲ. ಅಟ್ಟಣಿಗೆಯ ಮೇಲೆ ಇದ್ದವರಿಗೆ ಚಿತ್ರ ಪೂರ್ತಿ ಕಾಣುವುದಿಲ್ಲ. ಮೂಗಿನ ಮುಂದಿನ ಮೊಳ ಜಾಗ ಬಿಟ್ಟರೆ ಉಳಿದದ್ದು ಅಂದಾಜು. ಅವಳಿಗೆ ಮೊಣಕಾಲು ನೋವು, ಗಳಿಗೆಗೊಮ್ಮೆ ಇಳಿದು ನೋಡಲಾರಳು. ಅದಕ್ಕೆ ಮೇಲಿಂದ ಕೂಗುತ್ತಿದ್ದಳು: "ಅಕ್ಕಾ, ಕಂಬ ಹ್ಯಾಂಗ ಕಾಣಾಕತ್ತದ?"

ಕಂಬ ಎಡಕ್ಕೆ ವಾಲಿತ್ತು. ಸುಮ್ಮನಿದ್ದರೆ ಸಾಕಿತ್ತು. "ಎಡಕ್ಕ ಬಿದ್ದದ, ನಾಲ್ಕ ಬೆರಳು ಈ ಕಡಿ ತಾ" ಅಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಗೆರೆ ಸೊಟ್ಟಗಿರುವುದನ್ನು ಕಣ್ಣು ತಾಳುವುದಿಲ್ಲ, ಯಾರದೇ ಆಗಲಿ. ಹೀಗೆ ಅವಳು ಕೇಳುತ್ತ, ನಾನು ಬೈಯುತ್ತ ಕುದುರೆಗಳು ಒಂದೊಂದಾಗಿ ಹಲಗೆಯ ಮೇಲೆ ಇಳಿದವು. ಮುಂಗಾಲು ಊರಲು ಹೆದರಿದ ಬಿಳಿ ಕುದುರೆ ಒಂದು ಇತ್ತು. ಅದರ ಕಣ್ಣು ನೋಡಿ ನಾನು ಮುಖ ಆ ಕಡೆ ಮಾಡಿದೆ. ವಾಹ್ ಅನ್ನುವವರಿದ್ದಾರೆ, ನಾನೇಕೆ ಅನ್ನಲಿ.

ಕಡೆಗೆ ಹಗ್ಗಗಳು ಉಳಿದವು. ಹಾಯಿ ಇಳಿಸಿದ ಹಡಗಿನಲ್ಲಿ ಕಂಬ ಮತ್ತು ಹಗ್ಗ ಬಿಟ್ಟರೆ ಆಕಾಶದ ಮೇಲೆ ಬೇರೇನೂ ಇಲ್ಲ. ಕಂಬವನ್ನು ಹಿಡಿದ ಹಗ್ಗ ಬಿಗಿಯಾಗಿರಬೇಕು, ಹಾಯಿ ಇಳಿಸಿದ ಹಗ್ಗ ಸಡಿಲವಾಗಿ ತೂಗಬೇಕು. ಉದ್ದನೆಯ ಬ್ರಷ್, ತೆಳ್ಳನೆಯ ಬಣ್ಣ, ಉಸಿರು ಹಿಡಿದು ಒಂದೇ ಎಳೆತ. ನಡುವೆ ನಿಂತರೆ ಗಂಟು ಬೀಳುತ್ತದೆ. ಅವಳು ಒಂದು ಎಳೆದಳು. ನಡುವೆ ನಿಂತಳು. ಒರೆಸಿದಳು. ಮತ್ತೆ ಎಳೆದಳು.

"ಹ್ಯಾಂಗ ಅದ ಅಕ್ಕಾ?"

"ಹಗ್ಗ ಅಲ್ಲ ಅದು, ಸತ್ತ ಹಾವು."

ಆಮೇಲೆ ಬಿದಿರು ಕಿರುಗುಟ್ಟಿತು. ಮೊಣಕಾಲು ಹಿಡಿದುಕೊಂಡು ಇಳಿದು ಬಂದಳು. ಬ್ರಷ್ಷನ್ನು ನನ್ನ ಮುಂದೆ ಚಾಚಿ ನಿಂತಳು. ಅವಳ ಹೆಸರಿನ ಗೋಡೆಗೆ ನಾನು ಕೈ ಹಚ್ಚುವುದೇ? ಹುಮನಾಬಾದ್ ಬಸ್ಸು ಹೊರಗೆ ಹಾರ್ನ್ ಹೊಡೆದು ಹೋಯಿತು. ಆ ಸತ್ತ ಹಾವು ಗೋಡೆಯ ಮೇಲೆ ಹಾಗೇ ಇತ್ತು, ಕಣ್ಣಿಗೆ ಕಸ ಬಿದ್ದ ಹಾಗೆ.

ಬ್ರಷ್ ಕಸಿದುಕೊಂಡು ಹತ್ತಿದೆ. ಹಾವು ಒರೆಸಿದೆ. ಕಂಬದ ತುದಿಗೆ ಬ್ರಷ್ ಊರಿ, ಉಸಿರು ಹಿಡಿದು, ಹಡಗಿನ ಅಂಚಿನತನಕ ಒಂದೇ ಎಳೆತಕ್ಕೆ ಎಳೆದೆ.

ಕೆಳಗೆ ಅವಳು ನನ್ನ ಕುರ್ಚಿಯಲ್ಲಿ ಕೂತಿದ್ದಳು. "ಹ್ಯಾಂಗ ಕಾಣಾಕತ್ತದ ಅಂತ ಕೇಳೂದಿಲ್ಲೇನಕ್ಕಾ?" ಅಂದಳು.

ನಾನು ಕೇಳಲಿಲ್ಲ. ಎರಡನೆಯ ಹಗ್ಗಕ್ಕೆ ಬ್ರಷ್ ಅದ್ದಿದೆ.